ಹೆಸರು ಕೇಳದ ಕಪಾಟು

ಸಾರ್ವಜನಿಕ ಗ್ರಂಥಾಲಯವೆಂದರೆ ಪತ್ರಿಕೆ ತಿರುವಿ ಎದ್ದು ಹೋಗುವ ತಾಣವೆಂದು ಮೈಸೂರಿನ ಬಹುಪಾಲು ಜನ ನಂಬಿದ್ದ ಕಾಲದಲ್ಲಿ, ನೊಂದ ಮನಸ್ಸಿಗೂ ಅಲ್ಲೊಂದು ಕುರ್ಚಿ ಇದೆಯೆಂದು ತೋರಿಸಿಕೊಟ್ಟವರು ಶ್ರೀಮತಿ ಭಾನುಮತಿಯವರು. ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಒಳ್ಳೆಯ ಮಾತುಗಳನ್ನಷ್ಟೇ ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಸಂಪಾದಕರು ಸೂಚಿಸಿದ್ದಾರೆ. ಕ್ಷಮಿಸಬೇಕು, ಅದು ಆಗದ ಮಾತು. ಅವರಿಗಾದ ಅನ್ಯಾಯವನ್ನು ಮುಚ್ಚಿಟ್ಟು ಬರೆದ ಹೊಗಳಿಕೆ ಅವರಿಗೆ ಮಾಡುವ ಇನ್ನೊಂದು ಅವಮಾನ.

ಯಾದವಗಿರಿಯ ಓದುಬರಹದ ಮನೆತನದಿಂದ ಬಂದ ಭಾನುಮತಿಯವರು ಊರಿನ ನಾಲ್ಕಾರು ಗ್ರಂಥಾಲಯಗಳಲ್ಲಿ ದುಡಿದು, ಕಡೆಯ ಹದಿನಾಲ್ಕು ವರ್ಷ ರಾಮಕೃಷ್ಣನಗರದ ಅಂಚಿನ ಪುಟ್ಟ ಶಾಖೆಯೊಂದನ್ನು ನಡೆಸಿದರು. ಅಲ್ಲಿಗೆ ಬಂದ ಹೊಸತರಲ್ಲಿ ನಿದ್ರಾಹೀನತೆ, ಭಯ, ದುಃಖಗಳ ಬಗ್ಗೆ ಬರೆದ ಪುಸ್ತಕಗಳು ತಮ್ಮ ಜಾಗದಲ್ಲಿರದೆ ಅಡುಗೆ ಪುಸ್ತಕಗಳ ಹಿಂದೆ, ದಪ್ಪ ನಿಘಂಟುಗಳ ಸಂದಿಯಲ್ಲಿ ಸಿಗುತ್ತಿದ್ದವು. ಜೋಡಿಸುವವರ ಅಸಡ್ಡೆಯೆಂದು ಮೊದಲು ರೇಗಿದರು. ಆಮೇಲೆ ಒಂದು ಮಧ್ಯಾಹ್ನ, ಗೋಡೆಯ ಕಡೆ ಮುಖ ಮಾಡಿ ನಿಂತು ಅಂಥ ಪುಸ್ತಕ ಓದುತ್ತಿದ್ದ ಹೆಂಗಸೊಬ್ಬರು, ಯಾರೋ ಬಂದ ಸದ್ದಾಗುತ್ತಲೇ ಅದನ್ನು ನಿಘಂಟಿನ ಹಿಂದೆ ತುರುಕಿದ್ದನ್ನು ಕಂಡರು. ಅವತ್ತಿನಿಂದ ಅವರು ರೇಗಲಿಲ್ಲ.

ಮರುದಿನವೇ ಬ್ರೌನ್ ಪೇಪರಿನ ಸುರುಳಿ ತಂದು, ಶಾಲೆಯ ಮಕ್ಕಳ ಪುಸ್ತಕಗಳಿಗೆ ಹಾಕುವಂತೆ ಆ ಪುಸ್ತಕಗಳಿಗೆಲ್ಲ ಬೈಂಡು ಹಾಕಿ, ಮೂಲೆಯ ಕಪಾಟೊಂದರಲ್ಲಿ ಜೋಡಿಸಿಟ್ಟರು. ಹೊರಗೆ ಶೀರ್ಷಿಕೆಯಿಲ್ಲ. ಒಯ್ಯುವವರು ಹೆಸರು ಬರೆಯಬೇಕಿಲ್ಲ. ಪುಸ್ತಕದ ಚೀಟಿಯ ಮೇಲೆ ತಮಗಿಷ್ಟದ ಗುರುತೊಂದನ್ನು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದರಾಯಿತು. ಒಬ್ಬರದು ಬೀಗದ ಕೈ, ಒಬ್ಬರದು ಬಾಳೆಯೆಲೆ. ಟೈಲರ್ ಚೆಲುವಯ್ಯನವರದು ಕತ್ತರಿ. ಹೆಂಡತಿ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಬೆವರುತ್ತಿದ್ದ ಅವರಿಗೆ, ಹೃದಯಕ್ಕೇನೂ ಆಗಿಲ್ಲ, ಇದು ಆತಂಕ ಎಂದು ವೈದ್ಯರು ಹೇಳಿದ್ದರು. ಪುಸ್ತಕ ಡಾಕ್ಟರಿಗೆ ಬದಲಿಯಲ್ಲ, ಜೊತೆಗಾರ ಎಂದು ಭಾನುಮತಿಯವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಒಂಟಿಯಾಗಿ ಹೋಗಲು ಅಂಜುವವರ ಜೊತೆ ರಜೆ ಹಾಕಿ ಆಸ್ಪತ್ರೆಗೂ ಹೋಗಿದ್ದುಂಟು. ಇಷ್ಟೂ ವರ್ಷಗಳಲ್ಲಿ ಆ ಕಪಾಟಿನಿಂದ ಒಂದು ಪುಸ್ತಕವೂ ಕಳೆಯಲಿಲ್ಲ.

ಮೂರು ವರ್ಷದ ಹಿಂದೆ ಮೇಲಧಿಕಾರಿಯೊಬ್ಬರ ಕಣ್ಣು ಇದರ ಮೇಲೆ ಬಿತ್ತು. ತಪಾಸಣೆಗೆ ಬಂದವರು ಡಬ್ಬಿ ತೆರೆದು, ಇದೇನು ರಂಗೋಲಿ ಕ್ಲಾಸೇ ಎಂದು ನಕ್ಕರು. ಹೆಸರು, ವಯಸ್ಸು, ವಿಳಾಸ, ಕಾಯಿಲೆ ಎಂಬ ನಾಲ್ಕು ಕಲಮುಗಳ ನಮೂನೆಯೊಂದನ್ನು ಮೇಜಿನ ಮೇಲಿಟ್ಟು, ಹೆಸರಿಲ್ಲದಿದ್ದರೆ ಪ್ರಯೋಜನವಾಗಿದೆಯೆಂದು ವರದಿಯಲ್ಲಿ ತೋರಿಸುವುದು ಹೇಗೆಂದು ಕೇಳಿದರು.

"ಪುಸ್ತಕದ ಅಂಚು ಸವೆದಿದೆ ನೋಡಿ ಸರ್. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಎಂದರು ಭಾನುಮತಿಯವರು.

ನಮೂನೆ ಖಾಲಿಯಾಗಿಯೇ ವಾಪಸಾಯಿತು, ಅವರ ಬಡ್ತಿಯ ಕಡತ ಅಲ್ಲೇ ನಿಂತಿತು. ತಿಂಗಳೊಪ್ಪತ್ತಿನಲ್ಲಿ ಅಧಿಕಾರಿಗಳು ಪುಸ್ತಕಗಳ ಬೈಂಡು ಕಿತ್ತು, ಬಾಗಿಲಿಗೆದುರಾಗಿ ಗಾಜಿನ ಬೀರುವಿನಲ್ಲಿಟ್ಟು, 'ಮಾನಸಿಕ ತೊಂದರೆ ಇರುವವರಿಗಾಗಿ' ಎಂದು ಕೆಂಪಕ್ಷರದ ಫಲಕ ತೂಗುಹಾಕಿದರು. ಯಾವ ಪುಣ್ಯಾತ್ಮನ ತಲೆಗೆ ಹೊಳೆದ ಪದಗಳೋ! ಆ ಫಲಕದ ಕೆಳಗೆ ನಿಂತು ಪುಸ್ತಕ ಕೇಳುವ ಧೈರ್ಯವಿದ್ದವರಿಗೆ ಆ ಪುಸ್ತಕದ ಅಗತ್ಯವೇ ಇರುತ್ತಿರಲಿಲ್ಲ.

ಉದ್ಘಾಟನೆಯ ದಿನ ಭಾನುಮತಿಯವರನ್ನು ಕಡೆಯ ಸಾಲಿನಲ್ಲಿ ಕೂರಿಸಲಾಗಿತ್ತು. ಅತಿಥಿಗಳ ಕೈಯಿಂದ ಪುಸ್ತಕ ಪಡೆಯಲು ಒಬ್ಬ ಫಲಾನುಭವಿ ಬೇಕೆಂದು ಅಧಿಕಾರಿಗಳು ಕೌಂಟರಿನಲ್ಲಿದ್ದ ಸಹಾಯಕನನ್ನು ಗದರಿಸಿದರು. ಅವನು, ಮೂಲೆಯಲ್ಲಿ ಪೇಪರ್ ಓದುತ್ತ ಕೂತಿದ್ದ ಚೆಲುವಯ್ಯನವರ ಹೆಸರು ಹೇಳಿಬಿಟ್ಟ. ಭಾನುಮತಿಯವರು ಎದ್ದು ಮುಂದೆ ಬರುವಷ್ಟರಲ್ಲಿ ಮೈಕಿನಲ್ಲಿ ಕೂಗಿಯಾಗಿತ್ತು. ಇಡೀ ಸಭೆ ತಿರುಗಿ ನೋಡಿತು. ಒಲ್ಲೆನೆನ್ನಲು ಬಾಯಿ ಬರದೆ ಆ ಹಿರಿಯರು ವೇದಿಕೆ ಹತ್ತಿದರು. ಫೋಟೋ ಮರುದಿನದ ಪತ್ರಿಕೆಯಲ್ಲಿ ಬಂತು. ಆ ವಾರವೇ ಅಂಗಡಿಗೆ ಬಂದ ಗಿರಾಕಿಯೊಬ್ಬರು, ಅಳತೆ ನೆನಪಿರುತ್ತೆ ತಾನೆ ಎಂದು ನಗುತ್ತ ಕೇಳಿ, ಬಟ್ಟೆ ವಾಪಸು ಒಯ್ದರು.

ಚೆಲುವಯ್ಯನವರು ಗ್ರಂಥಾಲಯಕ್ಕೆ ಬರುವುದನ್ನೇ ಬಿಟ್ಟರು. ಭಾನುಮತಿಯವರು ತಾವೇ ಅವರ ಅಂಗಡಿಗೆ ಹೋಗಿ ಕೈಮುಗಿದು ನಿಂತರು.

"ನೀವ್ಯಾಕಮ್ಮ ಕೈಮುಗೀತೀರಿ? ಅರ್ಧ ಓದಿದ್ದೆ. ಇನ್ನರ್ಧ ಎಂಗೆ ಓದ್ಲಿ, ಏಳಿ," ಎಂದ ಚೆಲುವಯ್ಯನವರು, ಕೈಲಿದ್ದ ಕತ್ತರಿ ಕೆಳಗಿಟ್ಟು ಕೇಳಿದರು: "ನನ್ನೆಸ್ರು ಏಳಿದ್ದು ಯಾರಮ್ಮ?"

"ಅದು ನಮ್ಮ ಕಡೆಯ ತಪ್ಪು. ನನ್ನದು ಅಂತಲೇ ಇಟ್ಕೊಳ್ಳಿ."

ಇಷ್ಟು ಹೇಳಿ ಅವರು, ತಾವೇ ದುಡ್ಡು ಕೊಟ್ಟು ತಂದ ಅದೇ ಪುಸ್ತಕದ ಪ್ರತಿಯೊಂದನ್ನು ಚೀಲದಿಂದ ತೆಗೆದು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟರು. ಹೊಸ ಬ್ರೌನ್ ಪೇಪರಿನ ಬೈಂಡು ಹಾಕಿತ್ತು. ಅಂದಿನಿಂದ ದಟ್ಟಗಳ್ಳಿಯಲ್ಲಿರುವ ಭಾನುಮತಿಯವರ ಮನೆಯ ಜಗಲಿಯೇ ಆ ಕಪಾಟಾಯಿತು. ಉದ್ಘಾಟನೆಯ ದಿನ ಬಿಟ್ಟರೆ ಗಾಜಿನ ಬೀರುವಿನಿಂದ ಈವರೆಗೆ ಒಂದೇ ಒಂದು ಪುಸ್ತಕವೂ ಹೊರಗೆ ಹೋಗಿಲ್ಲ. ಯೋಜನೆ ಯಶಸ್ವಿಯೆಂದು ವರದಿ ಮಾತ್ರ ಹೋಗಿದೆ. ವರದಿ ಕಳಿಸಿದ ಮಹನೀಯರ ಶುಭಸಂದೇಶ ಇದೇ ಸಂಪುಟದ ಮೊದಲ ಪುಟದಲ್ಲಿದೆ. ನಾಚಿಕೆಯೆಂಬುದು ಅವರಿಗಂತೂ ಇಲ್ಲ, ಅಚ್ಚು ಹಾಕಿಸಿದ ನಮಗಾದರೂ ಇರಬೇಕಿತ್ತು.

ಭಾನುಮತಿಯವರು ನೂರ್ಕಾಲ ಬಾಳಲಿ, ಅವರ ಜಗಲಿಯಲ್ಲಿ ಬ್ರೌನ್ ಪೇಪರಿನ ಸುರುಳಿ ಎಂದೂ ಮುಗಿಯದಿರಲಿ. ಯಾವ ಓದುಗರ ಹೆಸರನ್ನೂ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಕೌಂಟರಿನ ಆ ಸಹಾಯಕನ ಹೆಸರನ್ನೂ, ಮೂರು ವರ್ಷ ದಿನಾ ಅವನ ಮುಖ ನೋಡುತ್ತಲೇ, ಚೆಲುವಯ್ಯನವರಿಗೂ ಹೇಳದೆ ಕಾಪಾಡಿದರು. ಅವರ ಅನುಮತಿ ಕೇಳದೆ ಅದನ್ನು ಇಲ್ಲಿ ಬರೆಯಲಾಗಿದೆ: ಲೋಕೇಶ್, ಈ ಲೇಖನದ ಲೇಖಕ.