ರುಚಿ ನೋಡದ ದ್ರಾಕ್ಷಿರಸ

ಒಣ ಕರಿದ್ರಾಕ್ಷಿ ನೆನೆಹಾಕಿದ ಪಾತ್ರೆಯ ಮುಚ್ಚಳ ಈಗಷ್ಟೇ ತೆಗೆದೆ. ಅಡುಗೆಮನೆಯ ತುಂಬ ವಾಸನೆ. ಸಿಹಿ, ತುಸು ಹುಳಿ, ಎಲ್ಲೋ ಒಂದಿಷ್ಟು ಮಣ್ಣು. ನಿಮಗಾದರೆ ಪಾಯಸದ ನೆನಪಾದೀತು. ನನಗೆ ಭಯವಾಗುತ್ತದೆ. ನಾಳೆ ನಮ್ಮ ಚರ್ಚಿನ ಸಭೆಯಲ್ಲಿ ಪ್ರಭುಭೋಜನ, ಯೇಸುವಿನ ಕಡೆಯ ಊಟವನ್ನು ನೆನೆಯುವ ಸಂಸ್ಕಾರ. ರೊಟ್ಟಿಯ ತುಣುಕಿನ ಜೊತೆ ಕೊಡುವ ದ್ರಾಕ್ಷಿರಸ ಮಾಡುವುದು ನನ್ನ ಪಾಲಿನ ಕೆಲಸ. ಕೆಲಸ ಬಂದದ್ದು ದೊಡ್ಡವ್ವನಿಂದ. ಭಯವೂ ಅವಳಿಂದಲೇ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಮಾರ್ಥಾಬಾಯಿ. ಅಕ್ಕಲಕೋಟೆಯ ಆಚೆಯ ಹಳ್ಳಿಯಲ್ಲಿ ಗಂಡ ತೀರಿಕೊಂಡ ಮೇಲೆ ಸೊಲ್ಲಾಪುರಕ್ಕೆ ಬಂದು, ಎಂಐಡಿಸಿ ಕಾರ್ಖಾನೆಗಳ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ನಮ್ಮ ಮನೆಯಲ್ಲೇ ಉಳಿದಳು. ಹಗಲೆಲ್ಲ ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುವುದು. ಶನಿವಾರ ಬಂತೆಂದರೆ ದ್ರಾಕ್ಷಿ ತೊಳೆದು, ಕುದಿಸಿ, ಹಳೆ ಧೋತರದ ತುಂಡಿನಲ್ಲಿ ಹಿಂಡುವುದು. ಎಲ್ಲ ಮಾಡುತ್ತಿದ್ದಳು, ರುಚಿ ಮಾತ್ರ ನೋಡುತ್ತಿರಲಿಲ್ಲ. ಅದಕ್ಕೆ ಪಕ್ಕದ ಮನೆಯ ಕಲಾ ಮಾವಶಿಯೇ ಬರಬೇಕು. ಅವರದು ಬೌದ್ಧರ ಮನೆ.

“ಕಲಾ, ಬಾರವಾ, ಸಕ್ಕರಿ ನೋಡು.”

“ಯಾಕ ಮಾರ್ಥಕ್ಕಾ, ನೀ ನೋಡಿದ್ರ ನಾಲಿಗಿ ಉದರತದೇನ?”

“ನಾಲಿಗಿ ಅಲ್ಲ, ಜೀವಾ ಹೋಗತದ.”

“ಅಂದ್ರ ನನ್ನ ಜೀವಾ ಪುಕ್ಕಟ ಬಂದದ ಅಂತಿ?”

“ನೀ ನಮ್ಮ ಪೈಕಿ ಅಲ್ಲಲ್ಲ. ನಿನಗೇನೂ ಆಗಂಗಿಲ್ಲ.”

ಕಲಾ ಮಾವಶಿ ಸೊಂಟದ ಮೇಲೆ ಕೈ ಇಟ್ಟು, ಚಮಚ ನೆಕ್ಕಿ, “ಇನ್ನೊಂದ ಮುಟಗಿ ಹಾಕು, ನಿಮ್ಮ ದೇವರಿಗೆ ಕಹಿ ಆದೀತು” ಎಂದು ಹೇಳಿ ಹೋಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವರು ಮನೆ ಮುಟ್ಟುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ದೊಡ್ಡವ್ವನ ಶಾಸ್ತ್ರ ಸರಳ. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡು ಆ ರೊಟ್ಟಿ ತಿಂದರೆ ಅದು ಗಂಟಲಿನಿಂದ ಇಳಿದು ಜೀವ ತೆಗೆಯುತ್ತದೆ. ಹಾಗಾಗಿ ಶನಿವಾರ ಸಂಜೆ ನಮ್ಮೆಲ್ಲರ ಮುಖ ದೀಪಕ್ಕೆ ಹಿಡಿದು ನೋಡುವಳು. “ಖರೇ ಹೇಳು, ಯಾರ ಜೋಡಿ ಬಾಯಿ ಮಾಡಿ?” ಆಮೇಲೆ ಚಾಳೆಲ್ಲ ತಿರುಗಿ ಕ್ಷಮೆ ಕೇಳಿಸುವಳು, ನಳದ ಸರದಿಗೆ ಜಗಳವಾಡಿದವರನ್ನು, ಕಾಲು ತುಳಿದವರನ್ನು, ಯಾರನ್ನೂ ಬಿಡುವಂತಿಲ್ಲ. ಒಮ್ಮೆ ಒದ್ದಿದ್ದೆನೆಂಬ ನೆನಪಾಗಿ ನಾನು ಮೂಲೆಮನೆಯ ಆಡಿನ ಹತ್ತಿರವೂ ಹೋಗಿ ಕ್ಷಮೆ ಕೇಳಿದ್ದೇನೆ. ಆಡು ನನ್ನ ರಿಬ್ಬನ್ ತಿಂದಿತು. ಲೆಕ್ಕ ಚುಕ್ತಾ ಆಯಿತೆಂದು ಸಮಾಧಾನಪಟ್ಟೆ. ಮೊದಲ ಸಲ ರೊಟ್ಟಿ ತಿಂದ ಭಾನುವಾರ ಮಾತ್ರ ಇಡೀ ಮಧ್ಯಾಹ್ನ ಎದೆಯ ಮೇಲೆ ಕೈ ಇಟ್ಟು ಮಲಗಿದ್ದೆ, ಬಡಿತ ನಿಂತರೆ ಗೊತ್ತಾಗಲಿ ಎಂದು. ನಿಂತ ಮೇಲೆ ಗೊತ್ತಾಗುವುದು ಯಾರಿಗೆ ಎಂದು ಆಗ ಹೊಳೆಯಲಿಲ್ಲ.

ಇಷ್ಟೆಲ್ಲ ನಮಗೆ ಮಾಡಿಸಿ, ತಾನು ಮಾತ್ರ ಎಂದೂ ತಿಂದವಳಲ್ಲ. ತಟ್ಟೆ ಬಂದಾಗ ತಲೆ ತಗ್ಗಿಸಿ ಪಕ್ಕದವರಿಗೆ ದಾಟಿಸುವಳು. ಯಾಕೆಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ.

ಅವಳ ಹೃದಯ ಕೆಟ್ಟಿತು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿ ಕಳಿಸಿದರು. ಒಂದು ಭಾನುವಾರ ಆರಾಧನೆ ಮುಗಿಸಿಕೊಂಡು ನಮ್ಮ ಪಾಳಕರು, ಮಂಗಳವೇಢೆ ಕಡೆಯ ವಯಸ್ಸಾದ ಪಾದ್ರಿ, ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ, ಪುಟ್ಟ ಬಾಟಲಿಯಲ್ಲಿ ರಸ ತಂದು ಅವಳ ಮಂಚದ ಹತ್ತಿರ ಕೂತರು. ಡಬ್ಬಿ ಕಂಡದ್ದೇ ದೊಡ್ಡವ್ವ ಗೋಡೆಗೆ ಸರಿದಳು. ನಾಗರಹಾವು ಕಂಡವರು ಹಾಗೆ ಸರಿಯುತ್ತಾರೆ.

“ಬ್ಯಾಡ್ರಿ ಸಾಹೇಬ್ರ. ನಮ್ಮ ಮಾಲಕರು ಇದನ್ನ ತಿಂದ ಹೋದ್ರು.”

ಆಗ ಮೊದಲ ಸಲ ಹೇಳಿದಳು. ಬಹಳ ವರ್ಷಗಳ ಹಿಂದೆ, ಒಂದು ಭಾನುವಾರ ಮುಂಜಾನೆ, ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಗಂಡ ಬೈದ, ಇವಳು ತಿರುಗಿ ಬೈದಳು. ಮಾತು ಬಿಟ್ಟು ಚರ್ಚಿಗೆ ಹೋದ, ರೊಟ್ಟಿ ತಿಂದ. ಅದೇ ವಾರ ಜ್ವರ ಬಂದು ಸತ್ತ. ಹಿರಿಯರು, ಅಯೋಗ್ಯನಾಗಿ ತಿಂದ, ಅದಕ್ಕೇ ಹೀಗಾಯಿತು ಎಂದರು.

“ಜಗಳಾ ತಗದಾಕಿ ನಾನು. ಕೊಂದಾಕಿನೂ ನಾನ.”

ಪಾಳಕರು ಡಬ್ಬಿಯ ಮುಚ್ಚಳ ತೆಗೆದು ಮಂಚದ ಮೇಲೆ ಇಟ್ಟರು.

“ಅಕ್ಕಾರ, ಜ್ವರಾ ಬಂದು ಹೋದವರನ್ನ ರೊಟ್ಟಿ ಕೊಂದಿಲ್ಲ, ನೀವೂ ಕೊಂದಿಲ್ಲ. ಯೋಗ್ಯ ಇದ್ದವರಿಗಷ್ಟ ಇದು ಅಂದ್ರ, ಮೊದಲ ನಾನ ಡಬ್ಬಿ ಮುಚ್ಚಿ ಮನಿಗೆ ಹೋಗಬೇಕು. ಅಯೋಗ್ಯರಾಗಿ ತಿನ್ನಬ್ಯಾಡ್ರಿ ಅಂತ ಬೈಬಲ್‌ದಾಗ ಬರದ ಪೌಲ ಸಿಟ್ಟಾಗಿದ್ದು ಯಾರ ಮ್ಯಾಲ ಗೊತ್ತದೇನ್ರಿ? ಹಸದ ಬಂದ ಬಡವರಿಗೆ ಕಾಯದ, ತಾವ ಮೊದಲ ಉಂಡು ಹೊಟ್ಟಿ ತುಂಬಿಸಿಕೊಂಡವರ ಮ್ಯಾಲ. ನೀವು ಯಾವಾಗರ ಮೊದಲ ಉಂಡೀರೇನು?”

ದೊಡ್ಡವ್ವ ನನ್ನ ಮುಖ ನೋಡಿದಳು. ಅವಳು ಉಂಡದ್ದನ್ನೇ ನಾನು ಸರಿಯಾಗಿ ಕಂಡಿರಲಿಲ್ಲ. ನಮಗೆಲ್ಲ ಬಡಿಸಿ, ನಾವು ಎದ್ದ ಮೇಲೆ, ಒಲೆಯ ಹತ್ತಿರ ತಣ್ಣಗಾದ ಜೋಳದ ಭಕ್ಕರಿ ಮುರಿಯುತ್ತಿದ್ದಳು.

“ಕಲಾನ್ನ ಕರಿ” ಎಂದಳು.

ಕಲಾ ಮಾವಶಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. “ತಪ್ಪಾಗಿದ್ರ ಮಾಫ ಮಾಡವಾ” ಎಂದು ದೊಡ್ಡವ್ವ ಕೈ ಜೋಡಿಸಿದಳು.

“ತಿನ್ನ ನನ್ನವ್ವಾ, ತಿನ್ನು. ನಿನ್ನ ಮಾಫಿ ಕೇಳಿ ಕೇಳಿ ನನ್ನ ಕಿವಿ ಸವದಾವ.” ಕಣ್ಣಲ್ಲಿ ನೀರಿತ್ತು.

ದೊಡ್ಡವ್ವ ತಿಂದಳು. ನುಂಗುವಾಗ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಒತ್ತಿ ಗುರುತು ಮೂಡಿತು.

ಆ ವಾರ ಮುಗಿಯುವುದರೊಳಗೆ ಹೋದಳು.

ಅವಳ ಹೃದಯದ ಸಂಗತಿ ನನಗೆ ಗೊತ್ತಿತ್ತು. ಡಾಕ್ಟರ ಮಾತು ಕೇಳಿದವಳೇ ನಾನು. ಆದರೂ ಮಣ್ಣಿಗೆ ಬಂದ ಅವಳ ನಾದಿನಿ ಮೆಲ್ಲಗೆ, “ಅಣ್ಣನೂ ಹಿಂಗ ಹೋದ, ಈಕಿನೂ ಹಿಂಗ. ತಿನ್ನಬಾರದಿತ್ತು” ಎಂದದ್ದು ಪಾಳಕರ ಪ್ರಾರ್ಥನೆಗಿಂತ ಆಳಕ್ಕೆ ಇಳಿಯಿತು. ಅಂದಿನಿಂದ ತಟ್ಟೆ ಬಂದಾಗ ನಾನೂ ತಲೆ ತಗ್ಗಿಸಿ ದಾಟಿಸುತ್ತೇನೆ. ಬುದ್ಧಿ ಒಪ್ಪಿದ್ದನ್ನು ಕೈ ಒಪ್ಪುವುದಿಲ್ಲ. ನಾನೀಗ ಇರುವುದು ವಿಜಾಪುರ ರಸ್ತೆಯ ಮನೆಯಲ್ಲಿ; ರಸ ಮಾಡುವ ಶನಿವಾರ ರುಚಿ ನೋಡಲು ಕಲಾ ಮಾವಶಿಯನ್ನು ರಿಕ್ಷಾ ಕಳಿಸಿ ಕರೆಸುತ್ತೇನೆ. ನಗಬೇಡಿ.

ಇವತ್ತೂ ಬಂದಿದ್ದಾರೆ. ರಸ ಹಿಂಡಿ, ಸಕ್ಕರೆ ಬೆರೆಸಿ, ಚಮಚ ಮುಂದೆ ಹಿಡಿದೆ. ಅವರು ಕೈ ಹಿಂದೆಳೆದುಕೊಂಡರು.

“ನನಗ ಸಕ್ಕರಿ ಬ್ಯಾನಿ ಬಂದದವಾ. ಡಾಕ್ಟರ್ ಬಾಯಾಗ ಹಾಕಬ್ಯಾಡ ಅಂದಾನ. ನೀನ ನೋಡು.”

“ಮಾವಶಿ, ನಾನು ಹ್ಯಾಂಗ...”

“ಹ್ಯಾಂಗಂದ್ರ? ಬಾಯಿ ತಗದು.” ಆಮೇಲೆ ದನಿ ತಗ್ಗಿಸಿದರು. “ಆ ಕಡೀ ವಾರ ನಿಮ್ಮ ದೊಡ್ಡವ್ವ ಹ್ಯಾಂಗ ಇದ್ದಳು ಗೊತ್ತದೇನು? ನೀವೆಲ್ಲ ಕೆಲಸಕ್ಕ ಹೋದ ಮ್ಯಾಲ ಗ್ವಾಡಿ ಹಿಡಕೊಂಡು ನಮ್ಮ ಒಲಿ ಮುಂದ ಬಂದು ಕುಂತಳು. ‘ಕಲಾ, ಮೊದಲನೇ ಭಕ್ಕರಿ ನನಗ ಹಾಕು, ಬಿಸಿದು’ ಅಂದಳು. ಬೆಣ್ಣಿ ಹಚ್ಚಿ ಕೊಟ್ಟೆ. ಬಾಯಿ ಸುಟ್ಟರೂ ಬಿಡವಲ್ಲಳು. ಸಾಯಾಕ ಅಂಜಿದಾಕಿ ಹಂಗ ಉಣ್ಣತಾಳೇನ?”

ಪ್ರಾರ್ಥನೆಯಾಗದ ರಸ ಬರೀ ರಸ. ಅಷ್ಟು ನನಗೂ ಗೊತ್ತು. ಆದರೂ ಚಮಚದಿಂದ ಅರ್ಧ ಪಾತ್ರೆಗೇ ಮರಳಿ ಸುರಿದೆ. ಉಳಿದ ಅರ್ಧ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಇನ್ನೊಂದು ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು.

“ಏನಾತು?” ಎಂದರು ಕಲಾ ಮಾವಶಿ.

“ಸಕ್ಕರಿ ಕಡಿಮಿ ಆಗ್ಯಾದ” ಎಂದೆ.