ಕೋಟೆ ಕಾಯುವ ಬಾಯ್ ರಂಗೆಲ್

ಬಲ್ಗೇರಿಯದ ಕಾಮೆನ್ ಡೋಲ್ ಹಳ್ಳಿಯಲ್ಲಿ, ಗುಡ್ಡದ ಮೇಲಿನ ಪಾಳುಬಿದ್ದ ರೋಮನ್ ಕೋಟೆಪಟ್ಟಣ ಯಾರದೆಂದು ಕೇಳಿದರೆ ಜನ ಯಾವ ಚಕ್ರವರ್ತಿಯ ಹೆಸರನ್ನೂ ಹೇಳುವುದಿಲ್ಲ. ಬಾಯ್ ರಂಗೆಲನದು ಎನ್ನುತ್ತಾರೆ. ಬಾಯ್ ಎಂದರೆ ಅಣ್ಣ. ಈ ಅಣ್ಣ ಇಪ್ಪತ್ತಾರು ವರ್ಷದಿಂದ ಅಲ್ಲಿ ಕಾವಲುಗಾರ. ಕೋಟೆ ನೋಡಲು ಬಂದವರು ಹೊರಡುವಾಗ, ಒಂದು ಚೂರು ಕಲ್ಲೂ ಕದ್ದಿಲ್ಲವೆಂದು, ಚೀಲ ಬಿಚ್ಚಿ, ಜೇಬು ಒದರಿ ತೋರಿಸಬೇಕು. ಒಮ್ಮೆ ಪಾದ್ರಿಯ ಬೂಟನ್ನೂ ಬಿಚ್ಚಿಸಿದ್ದ, ಪುಣ್ಯಾತ್ಮ! ಸಿಕ್ಕಿದ್ದು ತೂತುಬಿದ್ದ ಕಾಲುಚೀಲ ಮಾತ್ರ.

ಪೂರ್ವದ ಬಾಗಿಲಲ್ಲಿ ಅಕ್ಷರ ಕೆತ್ತಿದ ಕಲ್ಲೊಂದಿದೆ, ಅರ್ಧ ಮಾತ್ರ. ಅಲ್ಲಿಗೆ ಬಂದರೆ ರಂಗೆಲನ ದನಿ ಏರುತ್ತಿತ್ತು. "ಇನ್ನರ್ಧ ಯಾವನೋ ಕಳ್ಳ ಹೊತ್ಕೊಂಡು ಹೋದ. ಅವನ ಕೈ ಸೇದಿಹೋಗ!" ಎಂದು ಬಂದವರೆದುರೆಲ್ಲ ಶಪಿಸಿ ಮೀಸೆ ಒರೆಸಿಕೊಳ್ಳುತ್ತಿದ್ದ.

ಒಂದು ನವೆಂಬರಿನಲ್ಲಿ ಸೋಫಿಯಾದಿಂದ ಕಾಲಿನಾ ಎಂಬ ಶಾಸನ ಓದುವ ಹುಡುಗಿ ಬಂದಳು. ಅರ್ಧ ಕಲ್ಲಿನ ಮುಂದೆ ಮೊಣಕಾಲೂರಿ, ಒಡೆದ ಅಂಚಿನಲ್ಲಿ ಉಳಿದಿದ್ದ ಅರ್ಧ ದ್ರಾಕ್ಷಿ ಎಲೆಯ ಚಿತ್ರ ಬರೆದುಕೊಂಡಳು.

"ಈ ಬಾಗಿಲು ಕಟ್ಟಿಸಿದವನ ಹೆಸರು ಇನ್ನರ್ಧದಲ್ಲಿದೆ, ಬಾಯ್ ರಂಗೆಲ್. ನಾಲ್ಕು ವರ್ಷದಿಂದ ಹುಡುಕ್ತಿದೀನಿ. ನಾಳೆ ವಾಪಸ್ ಹೋಗ್ಬೇಕು."

"ಎಲ್ಲಿ ಸಿಗುತ್ತೆ ಮಗಳೇ, ಕಳ್ಳನನ್ಮಕ್ಕಳು! ಬಾ, ಮೊದ್ಲು ಊಟ ಮಾಡು." ಅವಳ ಮೇಲೆ ಅವನಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು.

ಮನೆಯಲ್ಲಿ ಹೆಂಡತಿ ಸ್ಟಾಮೆನಾ ಲೋಟಗಳಿಗೆ ರಾಕಿಯಾ ಎಂಬ ಹಣ್ಣಿನ ಸಾರಾಯಿ ಬಗ್ಗಿಸಿ, ಹುಳಿಕೋಸು ತರಲು ಗಂಡನನ್ನು ನೆಲಮಾಳಿಗೆಗೆ ಅಟ್ಟಿದಳು. ಚಳಿಗಾಲಕ್ಕೆಂದು ಉಪ್ಪುನೀರಿನಲ್ಲಿ ಎಲೆಕೋಸು ಮುಳುಗಿಸಿ, ಮೇಲೆ ಭಾರದ ಕಲ್ಲು ಹೇರಿದ ಪೀಪಾಯಿ ಇಲ್ಲದ ಮನೆ ಆ ಊರಿನಲ್ಲಿಲ್ಲ. ರಂಗೆಲ ಕಲ್ಲನ್ನೆತ್ತಿ ನೆಲಕ್ಕಿಳಿಸುವಾಗ ಅದು ಮಗುಚಿಬಿತ್ತು. ಅಡಿಯಲ್ಲಿ, ಮೂವತ್ತು ವರ್ಷ ಕಂಡೂ ಕಾಣದಂತಿದ್ದ ಗೀಚುಗಳು. ಮೂಲೆಯಲ್ಲಿ ಅರ್ಧ ದ್ರಾಕ್ಷಿ ಎಲೆ.

ಅವನು ಕುಕ್ಕರಿಸಿ ಆ ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಮದುವೆಯಾದ ವರ್ಷ, ಕಾವಲು ಕೆಲಸಕ್ಕೂ ಮುಂಚೆ, ಕೋಟೆಯಿಂದ ಇದನ್ನು ಹೆಗಲ ಮೇಲೆ ಹೊತ್ತು ತಂದವನು ತಾನೇ! ಆಗ ಊರಿಗೆ ಊರೇ ಕೋಸಿನ ಕಲ್ಲು ತರುತ್ತಿದ್ದುದು ಅಲ್ಲಿಂದಲೇ. ಅದನ್ನು ಕಳ್ಳತನವೆಂದು ಯಾರೂ ಅಂದುಕೊಂಡಿರಲಿಲ್ಲ.

"ಏನಯ್ಯಾ, ಕೋಸಿನ ಜೊತೆ ನೀನೂ ಹುಳಿ ಬರ್ತಿದೀಯಾ?" ಎನ್ನುತ್ತ ಇಳಿದು ಬಂದ ಸ್ಟಾಮೆನಾ ಕಲ್ಲನ್ನೂ ಗಂಡನ ಮುಖವನ್ನೂ ನೋಡಿದಳು.

"ತಿರುಗಿಸಿ ಇಟ್ಟುಬಿಡ್ಲಾ?" ಎಂದು ಅವನು ಪಿಸುಗುಟ್ಟಿದ. "ಊರೆಲ್ಲ ನಗುತ್ತೆ ಕಣೇ. ಜೇಬು ತೋರ್ಸಿ ಅಂದ್ರೆ ಇನ್ಮೇಲೆ ಯಾರು ತೋರಿಸ್ತಾರೆ?"

"ಇಡು, ಯಾರು ಬೇಡ ಅಂದ್ರು? ಕೈ ಸೇದಿಹೋಗ್ಲಿ ಅಂತ ದಿನಾ ನಿನಗೆ ನೀನೇ ಶಾಪ ಹಾಕ್ಕೊಂಡಿರು. ನನಗೇನು!"

ರಂಗೆಲ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಕಲ್ಲನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಊಟದ ಮೇಜಿನ ಮೇಲೆ ರೊಟ್ಟಿಯ ಪಕ್ಕ ಇಳಿಸಿದ.

"ಕಳ್ಳ ಸಿಕ್ಕಿದ ಮಗಳೇ," ಎಂದ. "ನಾನೇ."

ಕಾಲಿನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಷರಗಳಲ್ಲಿ ಸಿಕ್ಕಿದ್ದ ಕೋಸಿನ ಎಳೆಗಳನ್ನು ತೆಗೆಯುತ್ತ, ಆ ಹೆಸರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದಳು.

ಮರುದಿನ ಹಾಡುಹಗಲಲ್ಲೇ ರಂಗೆಲ ಕಲ್ಲನ್ನು ಕೈಗಾಡಿಯಲ್ಲಿಟ್ಟು ಗುಡ್ಡಕ್ಕೆ ತಳ್ಳಿಕೊಂಡು ಹೊರಟ. ಅಂಗಡಿ ಮುಂದೆ ಕಾಫಿ ಕುಡಿಯುತ್ತಿದ್ದವರಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಜೇಬು ತೋರ್ಸು ಬಾಯ್ ರಂಗೆಲ್, ಇನ್ನೇನೇನು ಇಟ್ಕೊಂಡಿದೀಯ?" ಎಂದು ರೊಟ್ಟಿ ಸುಡುವ ಮಿಂಚೋ ಕೂಗಿದ. ಎಲ್ಲರೂ ಗೊಳ್ಳೆಂದರು.

ರಂಗೆಲನ ಕಿವಿ ಕೆಂಪಗಾಯಿತು. ಆದರೂ ಗಾಡಿ ನಿಲ್ಲಿಸಿ, ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ. ನಗು ಅಷ್ಟಕ್ಕೇ ನಿಂತುಹೋಯಿತು.

ಅದಾದ ಮೂರನೆಯ ದಿನ ಬೆಳಿಗ್ಗೆ ರಂಗೆಲ ಹೋಗಿ ನೋಡಿದರೆ ಕೋಟೆಯ ಬಾಗಿಲಲ್ಲಿ ಏಳು ಕಲ್ಲುಗಳು, ಒಂದೊಂದೂ ಹುಳಿ ನಾತ ಹೊಡೆಯುತ್ತಿತ್ತು. ಒಂದು ಕಲ್ಲಿಗೆ ಬೀಟ್‌ರೂಟಿನ ಕೆಂಪು ಹಿಡಿದಿತ್ತು. ಪೀಪಾಯಿಗೆ ಬೀಟ್‌ರೂಟ್ ಹಾಕುವ ಮನೆ ಊರಲ್ಲಿ ಒಂದೇ, ಮಿಂಚೋನದು.

ರಂಗೆಲ ಸುತ್ತಮುತ್ತ ನೋಡಿದ. ಬಕೆಟ್ಟಿನಲ್ಲಿ ನೀರು ತಂದು, ಬೇರೆ ಯಾರೂ ಬರುವ ಮೊದಲೇ, ಆ ಕೆಂಪು ಹೋಗುವವರೆಗೂ ಕಲ್ಲನ್ನು ಉಜ್ಜಿ ತೊಳೆದ.