ಸುಗುಣಾ ಆರಿಸಿದ ಸೈಕಲ್ಲು

ಸುಗುಣಾಗೆ ನಲವತ್ತಾರು ವರ್ಷ. ಈ ನಲವತ್ತಾರು ವರ್ಷಗಳಲ್ಲಿ ತಾನೊಬ್ಬಳೇ ನಿಂತು ಆರಿಸಿದೆ ಎಂದು ಹೇಳಿಕೊಳ್ಳಲು ಅವಳಿಗೆ ಒಂದು ಇಕ್ಕಳವೂ ಇರಲಿಲ್ಲ. ಅಡುಗೆಮನೆಯ ಇಕ್ಕಳವನ್ನೂ ಗಂಡ ಮುರಾರಿ ತನ್ನ ಹೋಟೆಲಿನ ಭಟ್ಟರನ್ನು ಕೇಳಿಯೇ ತಂದದ್ದು. ಆ ಗಂಡನನ್ನು ಅಣ್ಣ ಅನಿಲಕುಮಾರ ಆರಿಸಿದ್ದ. ಡೊಂಬಿವಲಿಯ ಫ್ಲ್ಯಾಟನ್ನು ಮಾವ ದಿಕ್ಕು ನೋಡಿ ಆರಿಸಿದ್ದರು. ಐರೋಲಿಯ ಕೆಲಸವನ್ನು ಕೂಡ, ಥಾಣೆಯಲ್ಲಿ ಒಂದೇ ಸಲ ರೈಲು ಬದಲಿಸಿದರೆ ಸಾಕಲ್ಲ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದರು. ಯಾರೂ ಅವಳಿಗೆ ಕೆಟ್ಟದ್ದನ್ನು ತಂದುಕೊಟ್ಟಿರಲಿಲ್ಲ. ಅವಳಿಗೆ ಉರಿಯುತ್ತಿದ್ದದ್ದೇ ಅದು. ಕೆಟ್ಟದ್ದಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಬೆಟ್ಟ ಹತ್ತುವ ಸೈಕಲ್ಲು ಅವಳ ಬಾಳಿಗೆ ಬಂದದ್ದೂ ಆರಿಸಿ ಅಲ್ಲ. ಐದು ವರ್ಷದ ಹಿಂದೆ ಆಫೀಸಿನ ಹುಡುಗಿಯೊಬ್ಬಳು ಮದುವೆಯಾಗಿ ಊರು ಬಿಡುವಾಗ ತನ್ನ ಹಳೆಯದನ್ನು ಇವಳ ತಲೆಗೆ ಕಟ್ಟಿ ಹೋಗಿದ್ದಳು. ಸುಮ್ಮನೆ ಒಂದು ಭಾನುವಾರ ಮಲಂಗಗಡದ ತಪ್ಪಲಿಗೆ ಹೋದಳು. ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿದಾಗ, ಎಷ್ಟೋ ವರ್ಷಗಳ ಮೇಲೆ, ಯಾರ ಊಟ ಯಾರ ಡಬ್ಬಿ ಎಂಬ ಯೋಚನೆ ತಲೆಯಿಂದ ಪೂರಾ ಹೋಗಿಬಿಟ್ಟಿತ್ತು. ಅಂದಿನಿಂದ ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲಿ ಸಿಕ್ಕುತ್ತಿರಲಿಲ್ಲ.

ಆ ಹಳೆಯ ಸೈಕಲ್ಲಿಗೆ ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಏನೂ ಇಲ್ಲ. ಎರಡು ವರ್ಷದ ಹಿಂದೆ ಅದರ ಹಿಂಚಕ್ರ ಕಲ್ಲೊಂದಕ್ಕೆ ತಡೆದು, ಸುಗುಣಾ ಮುಂದಕ್ಕೆ ಹಾರಿ, ಎಡಗೈಯ ಮಣಿಕಟ್ಟು ಮುರಿಯಿತು. ಒಳಗೊಂದು ಪ್ಲೇಟು ಹಾಕಿದರು. ಆಮೇಲೆ ಬೆಟ್ಟಕ್ಕೆ ಹೋಗಿ ಬಂದರೆ ಮರುದಿನ ಕುಕ್ಕರಿನ ಮುಚ್ಚಳ ಎತ್ತಲಾಗದಷ್ಟು ನೋವು. ಡಾಕ್ಟರು ನೇರವಾಗಿ ಹೇಳಿದ್ದರು: ಕೈಗೆ ಹೊಡೆತ ಬೀಳದ ಸೈಕಲ್ಲು ಸಿಕ್ಕಿದರೆ ಓಡಿಸಿ, ಇಲ್ಲವಾದರೆ ಬೆಟ್ಟ ಬಿಟ್ಟುಬಿಡಿ. ಸುಗುಣಾ ಮನಸ್ಸಿನಲ್ಲೇ ಗಡುವು ಹಾಕಿಕೊಂಡಳು. ಈ ದಸರೆಯೊಳಗೆ ಕೈ ಒಪ್ಪುವಂಥದ್ದು ಸಿಗಬೇಕು, ಅದನ್ನು ತಾನೇ ಆರಿಸಬೇಕು. ಸಿಗದಿದ್ದರೆ ಬೆಟ್ಟದ ಋಣ ಅಲ್ಲಿಗೆ ಮುಗಿಯಿತು.

ಸೀವುಡ್ಸಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಕಶ್ಯಪ ಹುಬ್ಬಳ್ಳಿಯ ಕಡೆಯವನು. ಅವನೇ ಅವಳಿಗೆ ಹೈ ಪಿವಟ್ ಎಂಬ ಬಗೆಯ ಸೈಕಲ್ಲನ್ನು ತೋರಿಸಿದ್ದು.

"ನೋಡ್ರಿ ಮೇಡಂ, ಉಳಿದ ಸೈಕಲ್ಲಿನಾಗ ಹಿಂದಿನ ಗಾಲಿ ಹಿಡಿದ ತೋಳಿನ ಕೀಲು ಪೆಡಲ್ ಹತ್ರಾನ ಇರ್ತದ. ಇದರಾಗ ಮ್ಯಾಲೆ ಐತಿ. ಕಲ್ಲು ಬಡೀತಂದ್ರ ಗಾಲಿ ಮ್ಯಾಲಷ್ಟ ಅಲ್ರಿ, ಹಿಂದಕ್ಕೂ ಸರೀತದ. ತಡೆದು ನಿಲ್ಲಂಗಿಲ್ಲ. ನಿಂತ್ರ ತಾನ ನಿಮ್ಮ ಮೈಭಾರ ಕೈಮ್ಯಾಲೆ ಬೀಳೋದು?"

ಹಾಗೆ ಸರಿಯುವಾಗ ಚೈನು ಎಳೆಯಬಾರದೆಂದು ಮೇಲೊಂದು ಸಣ್ಣ ಗಾಲಿ ಕೂರಿಸಿ ಅದರ ಮೇಲಿಂದ ಚೈನು ಹಾಯಿಸಿದ್ದರು. ಅದರಿಂದ ಭಾರ ಜಾಸ್ತಿ, ಹತ್ತುವಾಗ ಗರಗರ ಸದ್ದು, ತೊಳೆಯುವ ಕೆಲಸ ಇನ್ನೊಂದು. ಕಶ್ಯಪ ಅದನ್ನೂ ಮುಚ್ಚಿಡಲಿಲ್ಲ. ಸುಗುಣಾ ಆಫೀಸಿನಲ್ಲಿ ಇನ್ನೊಬ್ಬರು ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವವಳು. ಓಡಿಸಿ ನೋಡದೆ ನಂಬುವುದಿಲ್ಲ ಎಂದಳು. ಅದಕ್ಕೇನಂತೆ ಎಂದು ಕಶ್ಯಪ ಒಪ್ಪಿದ. ನವಮಿಯ ದಿನ ಎರಡು ಸೈಕಲ್ ಕೊಡುತ್ತೇನೆ, ಒಂದು ಹೈ ಪಿವಟ್, ಒಂದು ಸಾಮಾನ್ಯ ಕೀಲಿನದು, ದಶಮಿಯಂದು ಬೆಟ್ಟದಲ್ಲಿ ಎರಡನ್ನೂ ಓಡಿಸಿ ಸಂಜೆ ವಾಪಸು ತನ್ನಿ ಎಂದ.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಮುರಾರಿ ಎಲ್ಲಿ ಬಿಡುತ್ತಾನೆ?

ಮುರಾರಿ ಒಳ್ಳೆಯವನು, ಇದನ್ನು ಸುಗುಣಾ ದಿನಕ್ಕೆ ಹತ್ತು ಸಲ ತನಗೆ ತಾನೇ ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವನ ಹೋಟೆಲು. ಅಲ್ಲಿಗೊಂದು ಗ್ರೈಂಡರ್ ತರುವ ಮೊದಲು ಅವನು ಕಲ್ಯಾಣದಿಂದ ಐರೋಲಿಯವರೆಗೆ ಏಳು ಹೋಟೆಲುಗಳ ಅಡುಗೆಮನೆ ಹೊಕ್ಕು, ಏಳು ಕಡೆಯ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡಿ ಬಂದಿದ್ದ. ಸೈಕಲ್ಲಿಗೂ ಅದೇ ಕ್ರಮ. ಸೈಕಲ್ಲು ಮುಟ್ಟಿ ನೋಡದವರನ್ನೆಲ್ಲ ಕೇಳಿದ. ಹಾಲು ಹಾಕುವವನನ್ನು ಕೇಳಿದ. ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದ. ಉಲ್ಹಾಸನಗರಕ್ಕೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ಫೋಟೋ ತೋರಿಸಿ, "ಈ ಮೇಲಿನ ಸಣ್ಣ ಗಾಲಿ ಬಾಳಿಕೆ ಬರ್ತದಾ?" ಎಂದು ಕೇಳಿ ಬಂದ. ಥಾಣೆಯಿಂದ ಅನಿಲಕುಮಾರ ಫೋನಿನಲ್ಲಿ, ಭಾರದ್ದು ಹೆಂಗಸರಿಗೆ ಆಗುವುದಿಲ್ಲ ಎಂದು ತೀರ್ಪು ಕೊಟ್ಟ. ಮಾತುಕತೆ ಊಟದ ಮೇಜಿನವರೆಗೂ ಬಂದಾಗ ಕಾಲೇಜಿಗೆ ಹೋಗುವ ಮಗಳು ಅಮೂಲ್ಯಾ ತಟ್ಟೆಯಿಂದ ತಲೆ ಎತ್ತದೆ ಮರಾಠಿಯಲ್ಲಿ, "ಪಪ್ಪಾ, ಅಮ್ಮಾಲಾ ವಿಚಾರಾ ನಾ!" ಎಂದಳು. ಅಮ್ಮನನ್ನು ಕೇಳಿ ಎಂದು ಹೇಳುವುದಕ್ಕೂ ಆ ಮನೆಯಲ್ಲಿ ಇನ್ನೊಂದು ಭಾಷೆ ಬೇಕಾಯಿತು.

"ಕೇಳ್ತೇನೆ, ಕೇಳ್ತೇನೆ. ಮೊದಲು ತಿಳಿದವರನ್ನು ಕೇಳುವಾ," ಎಂದ ಮುರಾರಿ.

ಸುಗುಣಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದುಹೋದಳು.

ನವಮಿಯ ದಿನ ಹೋಟೆಲಿನ ಟೆಂಪೊದಲ್ಲಿ ಎರಡು ಸೈಕಲ್ಲುಗಳೂ ಬಂದವು. ಜಾಗವಿಲ್ಲವೆಂದು ಅವನ್ನು ಹೋಟೆಲಿನ ಹಿಂಭಾಗದಲ್ಲೇ ಇಟ್ಟು ಸುಗುಣಾ ಮನೆಗೆ ಬಂದಳು. ಅಂದು ಆಯುಧಪೂಜೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟು ಬಂದಳಲ್ಲ, ಆಮೇಲೆ ಅದಕ್ಕೂ ತನ್ನನ್ನೇ ಬೈದುಕೊಂಡಳು.

ದಶಮಿಯ ಬೆಳಿಗ್ಗೆ ಟೆಂಪೊ ಓಡಿಸಿಕೊಂಡು ಮುರಾರಿಯೂ ಹೊರಟ. ಬೆಟ್ಟದ ಬುಡದಲ್ಲಿ ಡಾಂಬರು ರಸ್ತೆ ಮುಗಿಯುವಲ್ಲಿ ಗಾಡಿ ನಿಂತಿತು. ಸೈಕಲ್ಲುಗಳಿಗೆ ಚೆಂಡುಹೂವಿನ ಮಾಲೆ, ಹ್ಯಾಂಡಲ್ಲಿಗೆ ಗಂಧ ಕುಂಕುಮ. ಅಷ್ಟರವರೆಗೆ ಸುಗುಣಾಗೆ ನಗುವೇ ಬಂತು. ಮಾಲೆ ಕಿತ್ತು ಹೈ ಪಿವಟ್ಟಿನ ಮೇಲೆ ಕೂತು ಅಭ್ಯಾಸದಂತೆ ಬ್ರೇಕು ಹಿಡಿದಳು. ಕೀ ಎಂದು ಸದ್ದಾಯಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ಕಾಲು ಊರಿ ಇಳಿದು ಬಗ್ಗಿ ನೋಡಿದಳು. ಚಕ್ರದ ನಡುವಿನ ಬ್ರೇಕಿನ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ," ಎಂದ ಮುರಾರಿ, ಸ್ವಲ್ಪ ಹೆಮ್ಮೆಯಿಂದಲೇ. "ಗ್ರೈಂಡರಿಗೆ, ಚೂರಿಗೆ, ಈಳಿಗೆಗೆ ಎಲ್ಲದಕ್ಕೂ ಹಚ್ಚಿದೆ. ಇದಕ್ಕೆ ಮಾತ್ರ ಬಿಡುದು ಹೇಗೆ? ಕಬ್ಬಿಣ ಒಣಗಿಕೊಂಡು ಇತ್ತು."

"ಅಯ್ಯೋ ಮಾರಾಯ್ರೇ! ಬ್ರೇಕು ಅದು! ಉಜ್ಜಿ ಹಿಡಿಯಬೇಕಾದ್ದು! ಎಣ್ಣೆ ಹಚ್ಚಿದರೆ ಹಿಡಿಯುದು ಎಂತದನ್ನು? ಇನ್ನೊಂದಕ್ಕೂ ಹಚ್ಚಿದ್ದೀರಾ?"

"ಎರಡಕ್ಕೂ ಸಮಸಮ ಹಚ್ಚಿದ್ದೇನೆ. ಇವತ್ತು ಹೋಲಿಸಿ ನೋಡುವಾಗ ವ್ಯತ್ಯಾಸ ಬರಬಾರದಲ್ಲ."

ಸುಗುಣಾ ಕಲ್ಲಿನ ಮೇಲೆ ಕೂತುಬಿಟ್ಟಳು. ಕಶ್ಯಪನಿಗೆ ಫೋನು ಮಾಡಿದಳು. ಎಣ್ಣೆ ಬ್ರೇಕಿನ ಪ್ಯಾಡಿಗೆ ಇಳಿದಿದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು, ಹಬ್ಬಕ್ಕೆಂದು ಅಂಗಡಿ ಸಂಜೆಯವರೆಗೆ ಮುಚ್ಚಿದೆ ಎಂದ ಅವನು. ಮೇಲಾಗಿ ಹೈ ಪಿವಟ್ಟನ್ನು ಪುಣೆಯವರೊಬ್ಬರು ಕೇಳಿದ್ದಾರೆ, ಮೇಡಂ ಬೇಡವೆಂದರೆ ನಾಳೆಯೇ ಹೋಗುತ್ತದೆ, ಮಧ್ಯಾಹ್ನದೊಳಗೆ ತಿಳಿಸಿ ಎಂದ.

ಅವಳಿಗೆ ಅಳು ಬಂತು. ಅಳುವಿಗಿಂತ ಮೊದಲು ಬಾಯಿ ಬಂತು.

"ಇಪ್ಪತ್ತೆರಡು ವರ್ಷವಾಯ್ತು, ಹಾಲಿನವನನ್ನು ಕೇಳ್ತೀರಿ, ಸೆಕ್ರೆಟರಿಯನ್ನು ಕೇಳ್ತೀರಿ, ಹೊಲಿಗೆ ಯಂತ್ರದವನನ್ನು ಕೇಳ್ತೀರಿ! ಬ್ರೇಕಿಗೆ ಎಣ್ಣೆ ಹಚ್ಚಲಾ ಅಂತ ನನ್ನನ್ನೊಂದು ಮಾತು ಕೇಳಲಿಕ್ಕೆ ನಿಮ್ಮ ಗಂಟೇನು ಹೋಗ್ತಿತ್ತು? ಈ ಕೈ ಎಷ್ಟು ನೋಯ್ತದೆ ಅಂತ ಒಂದು ದಿನ ಕೇಳಿದ್ದೀರಾ?"

ಮುರಾರಿ ಕೈಯಲ್ಲಿದ್ದ ಚೆಂಡುಹೂವಿನ ಮಾಲೆಯನ್ನು ನೋಡುತ್ತ ನಿಂತ.

ಸಿಟ್ಟು ಸುರಿದು ಮುಗಿದ ಮೇಲೆ ಸುಗುಣಾಗೆ ಹತ್ತಿರದ ಹಳ್ಳವೊಂದು ನೆನಪಾಯಿತು. ಅಲ್ಲಿಂದ ಐದು ನಿಮಿಷದ ದಾರಿ. ಒಂದು ಬದಿ ಕಲ್ಲುಗಳ ಇಳಿಜಾರು, ನಡುವೆ ಒಣಗಿದ ತೊರೆ, ಆಚೆ ಬದಿ ಅಷ್ಟೇ ಎತ್ತರದ ಹುಲ್ಲಿನ ಏರು. ಈಚೆಯಿಂದ ಬಿಟ್ಟ ಸೈಕಲ್ಲು ಆಚೆಯ ಏರಿನಲ್ಲಿ ತಾನಾಗಿ ನಿಲ್ಲಬೇಕು. ಅಲ್ಲಿ ಬ್ರೇಕಿನ ಹಂಗಿಲ್ಲ.

"ನೀವು ಆಚೆ ಹೋಗಿ ಏರಿನ ಮೇಲೆ ನಿಲ್ಲಿ. ನಿಲ್ಲದಿದ್ದರೆ ಹಿಡಿಯಿರಿ," ಎಂದಳು.

"ಬೇಡ ಮಾರಾಯ್ತಿ. ಒಂದು ಸಲ ಅನಿಲನಿಗೆ ಫೋನು..."

"ಹೋಗಿ!"

ಮುರಾರಿ ಹೋದ. ಇಸ್ತ್ರಿಯ ಬಿಳಿ ಅಂಗಿ, ಹಣೆಯಲ್ಲಿ ಗಂಧ, ಎರಡು ಕೈ ಅಗಲಿಸಿಕೊಂಡು ಕಬಡ್ಡಿಗೆ ನಿಂತವನ ಹಾಗೆ ನಿಂತ.

ಮೊದಲು ಸಾಮಾನ್ಯ ಕೀಲಿನ ಸೈಕಲ್ಲು. ಹಗುರ, ಚುರುಕು, ಮೊದಲ ನಾಲ್ಕು ಕಲ್ಲುಗಳ ಮೇಲೆ ಏನೂ ಅನ್ನಿಸಲಿಲ್ಲ. ಇಳಿಜಾರಿನ ನಡುವೆ ಮೆಟ್ಟಿಲಿನಂಥ ಚಚ್ಚೌಕದ ಕಲ್ಲು. ಮುಂಚಕ್ರ ದಾಟಿತು, ಹಿಂಚಕ್ರ ಒಂದು ಕ್ಷಣ ತಡೆಯಿತು, ಅವಳ ಮೈಭಾರವೆಲ್ಲ ಮುಂದಕ್ಕೆ ಜಾರಿ ಎಡಗೈಗೆ ಬಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಚಳಕ್ಕೆಂದಿತು. ಸೈಕಲ್ಲು ಆಚೆ ಏರಿ ಮುರಾರಿಗಿಂತ ಎರಡು ಮಾರು ಹಿಂದೆಯೇ ನಿಂತಿತು.

"ಲಾಯ್ಕ ಬಂತಲ್ಲ! ಹಗುರವೂ ಉಂಟು. ಇದೇ ಸಾಕು," ಎಂದ ಅವನು.

ಸುಗುಣಾ ಕೈ ಒತ್ತಿಕೊಂಡು ವಾಪಸು ಹೋದಳು. ಮುರಾರಿ ಅವಳ ಕೈಯನ್ನೇ ನೋಡುತ್ತಿದ್ದುದು ಅವಳಿಗೆ ಕಾಣಲಿಲ್ಲ.

ಹೈ ಪಿವಟ್ಟನ್ನು ಮೇಲಕ್ಕೆ ನೂಕುವಾಗಲೇ ಅದರ ಭಾರ ತಿಳಿಯಿತು. ಮೇಲಿನ ಸಣ್ಣ ಗಾಲಿ ಗೊಣಗುತ್ತಿತ್ತು. ಅಣ್ಣ ಹೇಳಿದ್ದೇ ನಿಜವಾದರೆ ಎಂಬ ಅಳುಕು ಅವಳಿಗೂ ಬಂತು. ಕೂತು ಬಿಟ್ಟಳು. ಅದೇ ಕಲ್ಲುಗಳು, ಅದೇ ಚಚ್ಚೌಕದ ಕಲ್ಲು. ಮುಂಚಕ್ರ ದಾಟಿತು. ಹಲ್ಲು ಕಚ್ಚಿ ನೋವಿಗೆ ಕಾದಳು. ಹಿಂಚಕ್ರ ಹಿಂದಕ್ಕೆ ಜಗ್ಗಿ ಕಲ್ಲನ್ನು ನುಂಗಿಕೊಂಡು ಬಂತು. ಕೈ ಸುಮ್ಮನಿತ್ತು. ಅವಳಿಗೆ ನಂಬಿಕೆಯಾಗುವಷ್ಟರಲ್ಲಿ ತೊರೆ ದಾಟಿಯಾಗಿತ್ತು. ತಡೆಯಿಲ್ಲದ್ದರಿಂದ ವೇಗ ಹೆಚ್ಚಿ ಸೈಕಲ್ಲು ಏರನ್ನೆಲ್ಲ ಹತ್ತಿ ನೇರ ಮುರಾರಿಯ ಎದೆಗೇ ಬಂತು. ಅವನು ಓಡಲಿಲ್ಲ. ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಹಿಂದಕ್ಕೆ ಜಾರಿ ಹುಲ್ಲಿನ ಮೇಲೆ ಕೂತ. ಬಿಳಿ ಅಂಗಿಗೆ ಚೈನಿನ ಕರಿ ಮೆತ್ತಿತು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಕಶ್ಯಪ. ಮುರಾರಿ ಏದುಸಿರಿನಲ್ಲೇ ಸ್ಪೀಕರು ಹಾಕಿದ.

"ಸಾಹೇಬ್ರ, ಪುಣೆಯವರು ಕಾಯಾಕತ್ತ್ಯಾರ. ಯಾವುದು ಫೈನಲ್ ಮಾಡಿದ್ರಿ?"

ಸುಗುಣಾ ಮೈಯೆಲ್ಲ ಬಿಗಿಹಿಡಿದು ನಿಂತಳು. ಈಗ ಹಗುರದ್ದು ಎನ್ನುತ್ತಾನೆ. ಅನಿಲನನ್ನು ಕೇಳಿ ಹೇಳುತ್ತೇನೆ ಎನ್ನುತ್ತಾನೆ. ಮುರಾರಿ ಬಾಯಿ ತೆರೆದ, ಅವಳ ಎಡಗೈ ನೋಡಿದ, ಬಾಯಿ ಮುಚ್ಚಿದ. ಫೋನನ್ನು ಅವಳ ಕೈಗಿಟ್ಟ. ಅವಳು ವಾಪಸು ಕೊಟ್ಟರೆ ಏನು ಗತಿ ಎಂಬಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕಶ್ಯಪ, ಹೈ ಪಿವಟ್ ನನಗೆ. ಪುಣೆಗೆ ಕಳಿಸಬೇಡಿ," ಎಂದಳು ಸುಗುಣಾ.

"ಆಗ್ಲಿ ಮೇಡಂ. ಸಾಹೇಬ್ರನ್ನ ಒಂದ್ಸಲ ಕೇಳಿಬಿಡ್ಲೇನ್ರಿ?"

ಸುಗುಣಾ ಹುಲ್ಲಿನ ಮೇಲೆ ಕೂತವನ ಕಡೆ ನೋಡಿದಳು. ಅವನು ತಲೆ ಅಲ್ಲಾಡಿಸಿದ.

"ನನ್ನನ್ನೆಂತ ಕೇಳುದು?" ಎಂದ ಮುರಾರಿ, ಮೆಲ್ಲಗೆ. "ಕೈ ಅವಳದ್ದು."